ಬಹುವಚನದ ಮಾವ

ಹದಿನೇಳು ವರ್ಷ ನಾನು ಜಯನಗರದ ಒಂದು ಕ್ಲಿನಿಕ್ಕಿನ ಎರಡನೇ ಮಹಡಿಯಲ್ಲಿ ಕೂತು ಜನರ ಮಾತು ಕೇಳಿದೆ. ಲಿಫ್ಟ್ ಇರಲಿಲ್ಲ. ಮಂಡಿ ಒಪ್ಪದ ದಿನ ನಿವೃತ್ತಳಾದೆ. ಬೀಳ್ಕೊಡುಗೆಗೆ ಒಂದು ಶಾಲು, ಒಂದು ಗಂಧದ ಹಾರ, ‘ನಿಮ್ಮ ಮನಸ್ಸೇ ನಮ್ಮ ಆದ್ಯತೆ’ ಎಂದು ಅಚ್ಚು ಹಾಕಿದ ಕಾಫಿ ಮಗ್ಗು ಕೊಟ್ಟರು. ಮಗ್ಗಿನ ಹಿಡಿ ಮೂರನೇ ದಿನಕ್ಕೆ ಕಳಚಿ ಬಂತು. ಆದ್ಯತೆಯನ್ನು ಈಗ ಪೆನ್ನು ಇಡಲು ಬಳಸುತ್ತಿದ್ದೇನೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗಿಯರು ಆಗಾಗ ಮನೆಗೆ ಬಂದು, “ಮ್ಯಾಮ್, ಏನಾದ್ರೂ ಟಿಪ್ಸ್ ಕೊಡಿ” ಅನ್ನುತ್ತಾರೆ. ಅಡುಗೆಗಾದರೆ ಕೊಡಬಹುದು. ಚಿಕ್ಕವರಿದ್ದಾಗ ಮನೆಯವರಿಂದಲೇ ಹಿಂಸೆಗೆ ಒಳಗಾಗಿ, ದೊಡ್ಡವರಾದ ಮೇಲೂ ಅದರಿಂದ ಹೊರಬರಲಾಗದವರ ಜೊತೆ ಕೂರುವುದಕ್ಕೆ ಟಿಪ್ಸ್ ಇಲ್ಲ. ತಪ್ಪುಗಳಿವೆ. ನನ್ನವು ಬೇಕಾದಷ್ಟಿವೆ, ಧಾರಾಳವಾಗಿ ಹಂಚಬಲ್ಲೆ.

ನಲವತ್ತನಾಲ್ಕನೇ ವಯಸ್ಸಿನವರೆಗೆ ನಾನು ಗೃಹಿಣಿ. ಮಗಳು ಕಾಲೇಜು ಸೇರಿದ ಮೇಲೆ ಮನಶ್ಶಾಸ್ತ್ರ ಓದಿದೆ, ತರಬೇತಿ ಪಡೆದೆ. ಬಂಧುಗಳು ಇದನ್ನು ‘ಟೈಂಪಾಸು’ ಎಂದು ಕರೆದರು. ಪಕ್ಕದ ಮನೆಯ ಸೊಸೆಯಂತೂ, “ಬರೀ ಮಾತಾಡೋದಕ್ಕೆ ಅಷ್ಟೊಂದು ಓದ್ಬೇಕಾ ಆಂಟಿ? ನಾವು ದಿನಾ ವಾಕಿಂಗಲ್ಲಿ ಪುಕ್ಕಟೆ ಮಾತಾಡ್ತೀವಲ್ಲ” ಎಂದರು. ಮಾತಾಡುವುದಕ್ಕಲ್ಲಮ್ಮ, ಬಾಯಿ ಮುಚ್ಚಿಕೊಂಡಿರುವುದಕ್ಕೆ ಓದುತ್ತಿದ್ದೇನೆ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಅದೂ ಅಭ್ಯಾಸವೇ.

ಕಾನ್ವೆಂಟಿನ ಸಿಸ್ಟರುಗಳು ನನಗೆ ಮೂರು ವಿಷಯ ಕಲಿಸಿದ್ದರು. ಕಾಲು ಜೋಡಿಸಿ ಕೂರಬೇಕು, ಯಾರ ಮಾತನ್ನೂ ನಡುವೆ ಕತ್ತರಿಸಬಾರದು, ಕನ್ನಡ ಮಾತಾಡಿದರೆ ದಿನವಿಡೀ ಕುತ್ತಿಗೆಗೆ ಹಲಗೆ ನೇತುಹಾಕಿಕೊಂಡು ತಿರುಗಬೇಕು. ಮೊದಲೆರಡು ಪಾಠಗಳು ನನ್ನನ್ನು ಆಪ್ತಸಲಹೆಗಾರ್ತಿ ಮಾಡಿದವು. ಮೂರನೆಯದು ಏನು ಮಾಡಿತು ಎಂಬುದೇ ಈ ಕಥೆ. ಇದರ ಜೊತೆಗೆ ನನಗೊಂದು ಮರ್ಯಾದೆಯ ಕಾಯಿಲೆ ಇದೆ. ಆಟೋದವರಿಗೆ, ಹೂವಿನವರಿಗೆ, ಮಕ್ಕಳಿಗೆ, ಎಲ್ಲರಿಗೂ ನನ್ನ ಬಾಯಲ್ಲಿ ಬಹುವಚನವೇ. “ಇವಳು ಜಿರಳೆಗೂ ‘ಸ್ವಲ್ಪ ಆಚೆ ಹೋಗ್ತೀರಾ’ ಅಂತಾಳೆ” ಎಂದು ನನ್ನ ಯಜಮಾನರು ನಲವತ್ತು ವರ್ಷದಿಂದ ಒಂದೇ ಜೋಕು ಹೇಳುತ್ತಿದ್ದಾರೆ. ಜಿರಳೆಗಳು ಹೋಗುವುದಿಲ್ಲ ಅನ್ನುವುದು ಬೇರೆ ಮಾತು.

ನಾನು ಸೇರಿದಾಗ ‘ಟ್ರಾಮಾ’ ಅಂದರೆ ಜನ ಆಸ್ಪತ್ರೆಯ ಆಕ್ಸಿಡೆಂಟ್ ವಾರ್ಡು ಅಂದುಕೊಳ್ಳುತ್ತಿದ್ದರು. ಈಗ ಬಿಟಿಎಂ ಸಿಗ್ನಲ್ಲಿನಲ್ಲಿ ಇಪ್ಪತ್ತು ನಿಮಿಷ ನಿಂತರೂ ಟ್ರಾಮಾ, ದೋಸೆ ತಣ್ಣಗಿದ್ದರೂ ಟ್ರಾಮಾ. ನಿಜವಾಗಿ ಅದನ್ನು ಹೊತ್ತುಕೊಂಡು ಬಂದವರು ಮಾತ್ರ ಆ ಪದ ಬಳಸಿದ್ದನ್ನು ನಾನು ಕೇಳಿಲ್ಲ. “ನಿದ್ದೆ ಬರಲ್ಲ ಮೇಡಂ” ಅನ್ನುತ್ತಾರೆ. “ಗ್ಯಾಸ್ಟ್ರಿಕ್ ಇರ್ಬೇಕು” ಅನ್ನುತ್ತಾರೆ.

ನಮ್ಮ ನಿರ್ದೇಶಕರದು ಇನ್ನೊಂದು ಕಥೆ. ಒಳ್ಳೆಯ ವೈದ್ಯರು, ಆದರೆ ವರ್ಷಕ್ಕೆ ಎರಡು ಕಾರ್ಯಾಗಾರಕ್ಕೆ ಹೋಗಿಬರುವ ಚಟ. ಹೋಗುವಾಗ ಒಂದು ವಿಧಾನ, ಬರುವಾಗ ಇನ್ನೊಂದು. ಒಂದು ವರ್ಷ ನಾವೆಲ್ಲ ರೋಗಿಗಳ ಕಣ್ಣೆದುರು ಬೆರಳು ಆಡಿಸಿದೆವು. ಮರುವರ್ಷ ಹಣೆ, ಗಲ್ಲ ತಟ್ಟಿಸಿದೆವು. ಅದರ ಮರುವರ್ಷ ಪ್ರತಿ ಕೋಣೆಗೂ ಒಂದೊಂದು ಬಟ್ಟೆಯ ಗೊಂಬೆ ಬಂತು, ‘ಒಳಗಿನ ಮಗು’ವಿನ ಪ್ರತಿನಿಧಿಯಾಗಿ. ಗುಡಿಸುವವರು ಅದನ್ನು ದಿನಾ ಧೂಳು ಕೊಡವಿ ತಲೆಕೆಳಗಾಗಿ ಕೂರಿಸುತ್ತಿದ್ದರು. ಇವುಗಳಲ್ಲಿ ಕೆಲವು ಕೆಲಸ ಮಾಡುತ್ತಿದ್ದವು, ಸುಳ್ಳು ಹೇಳಬಾರದು. ಯಾವುದು ಯಾರಿಗೆ ಎಂಬುದನ್ನಷ್ಟೇ ಕಾರ್ಯಾಗಾರದಲ್ಲಿ ಹೇಳಿಕೊಡುತ್ತಿರಲಿಲ್ಲ.

ಈ ಕಾಲದಲ್ಲೇ ಚೈತ್ರ ಬಂದಳು. ಹೆಸರು ಅದಲ್ಲ. ಬರೆಯಲು ಅವಳ ಒಪ್ಪಿಗೆ ಇದೆ. “ಬರೀರಿ ಮೇಡಂ, ಆದ್ರೆ ನನ್ನನ್ನ ಅಯ್ಯೋ ಪಾಪ ಅನ್ನೋ ಥರ ಬರೀಬೇಡಿ. ಆಮೇಲೆ ಹೋಗಿ, ಬನ್ನಿ ಅಂತೆಲ್ಲ ಬೇಡ, ಅವಳು ಇವಳು ಅಂತಾನೇ ಬರೀರಿ” ಅಂದಿದ್ದಾಳೆ. ಹಾಗಾಗಿ ನನ್ನ ಜೀವನದಲ್ಲಿ ಕಷ್ಟಪಟ್ಟು ಬಳಸುತ್ತಿರುವ ಏಕವಚನ ಇದು.

ಇಟ್ಟಮಡುವಿನ ಹಳೇ ಊರಿನವರ ಮನೆಯ ಹುಡುಗಿ. ಮೂವತ್ತೊಂದು ವರ್ಷ. ಜೆ.ಪಿ. ನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ದಿನಕ್ಕೆ ನಲವತ್ತು ಜನರಿಗೆ ಸೂಜಿ ಚುಚ್ಚಿ, “ಆಯ್ತು ಅಂಕಲ್, ಇರುವೆ ಕಚ್ಚಿದಂಗೆ ಅಷ್ಟೇ” ಅನ್ನುವವಳು. ಅವಳಿಗೆ ಮೂರು ಗಂಟೆಗಿಂತ ಹೆಚ್ಚು ನಿದ್ದೆ ಇರಲಿಲ್ಲ, ಮತ್ತು ಯಾರಾದರೂ ಹಿಂದಿನಿಂದ ಬಂದು ನಿಂತರೆ ಕೈಯಲ್ಲಿದ್ದದ್ದು ಬಿದ್ದುಹೋಗುತ್ತಿತ್ತು.

ಮೊದಲ ದಿನವೇ ನನ್ನ ಮೊದಲ ತಪ್ಪು. ಗೋಪ್ಯತೆ ಮುಖ್ಯ ಎಂದು ಪುಸ್ತಕದಲ್ಲಿ ಓದಿದ್ದೆನಲ್ಲ, ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ತಿರುಗಿ ನೋಡಿದರೆ ಅವಳು ಎದ್ದು ನಿಂತಿದ್ದಳು. ಬ್ಯಾಗು ಹೆಗಲಿಗೇರಿತ್ತು.

“ಅದು ತೆಗೀರಿ ಮೇಡಂ.”

“ಯಾರೂ ಬರಬಾರದು ಅಂತ...”

“ಬರ್ಲಿ. ತೆಗೀರಿ.”

ತೆಗೆದೆ. ಅಂದಿನಿಂದ ಬಾಗಿಲನ್ನು ಬರೀ ಮುಂದೆ ಮಾಡಿರುತ್ತಿದ್ದೆ. ಇನ್ನೊಂದು ಗಮನಿಸಿದೆ. ನಮ್ಮಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಎಲ್ಲರ ಚಪ್ಪಲಿಗಳೂ ಗೋಡೆಗೆ ಮುಖ ಮಾಡಿದ್ದರೆ ಅವಳವು ಮೆಟ್ಟಿಲ ಕಡೆ ಮುಖ ಮಾಡಿ ಕಾಯುತ್ತಿದ್ದವು. ಓಡಬೇಕಾಗಿ ಬಂದರೆ ತಿರುಗಿಸಿಕೊಳ್ಳುವ ಸಮಯವೂ ವ್ಯರ್ಥವಾಗಬಾರದು.

ಮನಸ್ಸನ್ನು ಶಾಂತಗೊಳಿಸುವ ಮೊದಲ ಪಾಠ ಸುರಕ್ಷಿತ ಜಾಗವೊಂದನ್ನು ಕಲ್ಪಿಸಿಕೊಳ್ಳುವುದು. ನಿರ್ದೇಶಕರು ಕೊಟ್ಟ ಹಾಳೆಯಲ್ಲಿ ಕಡಲ ತೀರ, ಹಿಮದ ಬೆಟ್ಟ, ಹೂದೋಟ ಇದ್ದವು. ನಾನು ಮೆಲುದನಿಯಲ್ಲಿ ಕಡಲನ್ನು ವರ್ಣಿಸಿದೆ. ಚೈತ್ರ ಒಂದು ಕಣ್ಣು ತೆರೆದಳು.

“ಮೇಡಂ, ಬನಶಂಕರಿ ಬಸ್ಸಿನ ಕೊನೆ ಸೀಟು ಆಗತ್ತಾ?”

“ಯಾಕೆ ಅದು?”

“ಹಿಂದೆ ಯಾರೂ ಇರಲ್ಲ.”

ಬಸ್ಸು ಹಾಳೆಯಲ್ಲಿ ಇರಲಿಲ್ಲ. ‘ಇತರೆ’ ಎಂದು ಗುರುತು ಹಾಕಿದೆ.

ನಾಲ್ಕನೇ ವಾರ ಅವಳು ಮದುವೆ ನಿಶ್ಚಯವಾಗಿದೆ ಎಂದಳು. ನಾನು ಸಂಭ್ರಮದಿಂದ ಅಭಿನಂದಿಸಿದೆ. ಕಾನ್ವೆಂಟಿನವರಿಗೆ ಅಭಿನಂದಿಸುವ ಅವಕಾಶ ಸಿಕ್ಕರೆ ಬಿಡುವುದಿಲ್ಲ.

“ಹುಡುಗ ಒಳ್ಳೆಯವನು ಮೇಡಂ. ಎಲ್ಲಾ ಗೊತ್ತು ಅವನಿಗೆ. ಮದುವೆ ಆಗ್ಬೇಕು ಅಂತಾನೂ ಇದೆ. ಆ ಹತ್ತು ಹೆಜ್ಜೆ ಮಾತ್ರ ಆಗಲ್ಲ.”

“ಯಾವ ಹತ್ತು ಹೆಜ್ಜೆ?”

“ಸೋದರಮಾವ ಕೈ ಹಿಡ್ಕೊಂಡು ಮಂಟಪಕ್ಕೆ ಕರ್ಕೊಂಡು ಬರ್ಬೇಕಲ್ಲ. ರೂಮಿಂದ ಮಂಟಪಕ್ಕೆ ಹತ್ತು ಹೆಜ್ಜೆ.”

ಅಷ್ಟು ಹೇಳಿ ಗೊಂಬೆಯ ಕಡೆ ನೋಡಿದಳು. ನನಗೆ ಅರ್ಥವಾಯಿತು. ತಂದೆ ತೀರಿಕೊಂಡ ಮೇಲೆ ತಾಯಿ ಮಗಳು ಆ ಮಾವನ ಕಟ್ಟಡದಲ್ಲೇ ಮೇಲಿನ ಮನೆಯಲ್ಲಿ ಬೆಳೆದದ್ದು. ಊರಿಗೇ ದೊಡ್ಡವರು, ದೇವಸ್ಥಾನದ ಸಮಿತಿಯಲ್ಲಿ ಮುಂದಿನ ಕುರ್ಚಿಯವರು. ಅವಳಿಗೆ ಒಂಬತ್ತರಿಂದ ಹನ್ನೆರಡು ವರ್ಷವಾಗುವವರೆಗೆ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ರಾಗಿ ಮೂಟೆಗಳ ಕೋಣೆ, ಒಳಗಿನಿಂದ ಬೀಳುವ ಚಿಲಕ, ಅಷ್ಟು ಸಾಕು. ಆ ಮನೆಯಲ್ಲಿ ಈಗ ಚಿಕ್ಕ ಮಕ್ಕಳಿಲ್ಲ ಎಂದು ಮೊದಲು ಖಚಿತ ಮಾಡಿಕೊಂಡೆ. ದೂರು ಕೊಡುವ ವಿಷಯವನ್ನೂ ಮಾತಾಡಿದೆವು. ಅದು ಅವಳ ತೀರ್ಮಾನ. “ಸದ್ಯ ಹತ್ತು ಹೆಜ್ಜೆ ನೋಡೋಣ ಮೇಡಂ” ಎಂದಳು. ಮದುವೆಗೆ ಎಂಟು ತಿಂಗಳಿತ್ತು.

ನಾವು ಆರಿಸಿಕೊಂಡದ್ದು ನೆನಪಿನೊಳಗೇ ಹೋಗಿಬರುವ ವಿಧಾನ. ಕಣ್ಣು ಮುಚ್ಚಿ, ಆದದ್ದನ್ನು ಈಗ ಆಗುತ್ತಿರುವಂತೆ ಹೇಳಬೇಕು. ಮತ್ತೆ ಮತ್ತೆ ಹೇಳಬೇಕು. ನಡುನಡುವೆ, ಸಂಕಟ ನೂರಕ್ಕೆ ಎಷ್ಟು ಎಂದು ನಾನು ಕೇಳಬೇಕು. ಹೊಗೆ ತುಂಬಿದ ಅಡುಗೆಮನೆಯ ಬಾಗಿಲು ಹಾಕಿಟ್ಟರೆ ಹೊಗೆ ಅಲ್ಲೇ ಇರುತ್ತದೆ. ಕೆಮ್ಮುತ್ತಲಾದರೂ ಒಳಗೆ ಹೋಗಿ ಕಿಟಕಿ ತೆಗೆಯಬೇಕು. ಸಾಮಾನ್ಯವಾಗಿ ಏಳೆಂಟು ಸಲ ಹೇಳುವಷ್ಟರಲ್ಲಿ ಅಂಕ ಇಳಿಯತೊಡಗುತ್ತದೆ.

ಚೈತ್ರ ಹೇಳತೊಡಗಿದಳು. “ಮಾವ ಬರ್ತಾರೆ. ಬಾಗಿಲು ಹಾಕ್ತಾರೆ. ಚಿಲಕ ಹಾಕ್ತಾರೆ...”

“ಆಮೇಲೆ ಅವರು ಏನು ಮಾಡ್ತಾರೆ?” ನಾನು ಕೇಳುತ್ತಿದ್ದೆ.

ಎಂಬತ್ತೈದು. ಮರುವಾರ ಎಂಬತ್ತೈದು. ಆರನೇ ವಾರವೂ ಎಂಬತ್ತೈದು. ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಚೆಂದವಾಗಿ ಬರೆದುಕೊಳ್ಳುತ್ತಿದ್ದೆ. ನನ್ನ ಕೈಬರಹಕ್ಕೆ ಶಾಲೆಯಲ್ಲಿ ಬಹುಮಾನ ಬಂದಿತ್ತು. ನಿರ್ದೇಶಕರು ಆ ನೋಟ್ಸನ್ನು ಓದಿ, ಎಲ್ಲಾ ಸರಿಯಾಗೇ ಇದೆ, ಇನ್ನಷ್ಟು ಸಲ ಹೇಳಿಸಿ ಎಂದರು. ಹೇಳಿಸಿದೆ. ಒಂಬತ್ತನೇ ವಾರ ಅವಳು ನಡುವೆಯೇ ಕಣ್ಣು ತೆರೆದಳು.

“ಮೇಡಂ, ಒಂದು ಕೇಳ್ಲಾ? ನೀವ್ಯಾಕೆ ಅವರಿಗೆ ಅಷ್ಟೊಂದು ಮರ್ಯಾದೆ ಕೊಡ್ತೀರ?”

“ಯಾರಿಗೆ?”

“ಮಾವನಿಗೆ. ಅವರು ಏನು ಮಾಡ್ತಾರೆ, ಅವರು ಎಲ್ಲಿ ಕೂರ್ತಾರೆ. ಅವರೇನೋ ಇಲ್ಲಿ ಕಾಫಿಗೆ ಬಂದಿರೋ ಹಂಗೆ ಕೇಳ್ತೀರ.”

ಪ್ರಶ್ನೆ ಕೇಳುವಾಗಲೂ ಅವಳ ಬಾಯಲ್ಲಿ ‘ಅವರು’ ಇತ್ತು. ನನ್ನ ಒಂಬತ್ತು ವಾರದ ನೋಟ್ಸು ತಿರುವಿದೆ. ಇಂಗ್ಲಿಷಿನಲ್ಲಿ ಎಲ್ಲಾ ಕಡೆ ‘ಹಿ’ ಎಂಬ ಎರಡೇ ಅಕ್ಷರದ ಒಂದು ಚಿಕ್ಕ ಪದ. ಅದರಲ್ಲಿ ದೇವರೂ ಒಂದೇ, ಕಳ್ಳನೂ ಒಂದೇ. ಅವಳು ಆ ಕೋಣೆಯೊಳಗೂ ಕೈಮುಗಿದುಕೊಂಡೇ ನಿಂತಿದ್ದಾಳೆ, ನಾನು ಪಕ್ಕದಲ್ಲಿ ನಿಂತು ಆ ಮನುಷ್ಯನಿಗೆ ಕುರ್ಚಿ ಹಾಕುತ್ತಿದ್ದೇನೆ ಎಂಬುದು ಆ ಬಹುಮಾನದ ಕೈಬರಹದಲ್ಲಿ ಎಲ್ಲಿಯೂ ಕಾಣಿಸಲಿಲ್ಲ.

ತಪ್ಪು ತಿಳಿದ ಮೇಲೆ ಒಳ್ಳೆಯ ವಿದ್ಯಾರ್ಥಿನಿ ಏನು ಮಾಡುತ್ತಾಳೆ? ಇನ್ನೂ ದೊಡ್ಡ ತಪ್ಪು ಮಾಡುತ್ತಾಳೆ. ಆ ವಾರವಿಡೀ ಅಡುಗೆಮನೆಯಲ್ಲಿ ‘ಅವನು ಬಂದ, ಅವನು ಹೋದ’ ಎಂದು ಅಭ್ಯಾಸ ಮಾಡಿದೆ. ಯಜಮಾನರು ಗಾಬರಿಯಾಗಿ, “ಯಾರ್ ಬಂದ?” ಎಂದು ಕೇಳಿದರು. ಮುಂದಿನ ವಾರ ಚೈತ್ರಳ ಮುಂದೆ ಕೂತು ಠೀವಿಯಿಂದ, “ಸರಿ, ಆಮೇಲೆ ಅವನು ಏನು ಮಾಡಿದ?” ಎಂದೆ.

ಅವಳ ಮುಖ ಕೆಂಪಾಯಿತು. “ನಮ್ಮ ಮಾವನ್ನ ಹಂಗೆಲ್ಲ ಅನ್ಬೇಡಿ ಮೇಡಂ.”

ಎರಡು ವಾರ ಅವಳು ಬರಲಿಲ್ಲ.

ಹೊಸಬರೇ, ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಇಪ್ಪತ್ತೆರಡು ವರ್ಷ ಒಬ್ಬರು ಹೊತ್ತ ಮರ್ಯಾದೆಯನ್ನು ಒಂದು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ನೀವು ಇಳಿಸಲಾರಿರಿ. ಅದು ಬರೀ ಭಯ ಅಲ್ಲ. ಅದರಲ್ಲಿ ಆ ಮಾವನೇ ಕೊಡಿಸಿದ ಸ್ಕೂಲ್ ಬ್ಯಾಗಿತ್ತು, ಜ್ವರ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ ಹೆಗಲಿತ್ತು. ಕೆಟ್ಟವರು ಇಪ್ಪತ್ನಾಲ್ಕು ಗಂಟೆಯೂ ಕೆಟ್ಟವರಾಗಿದ್ದರೆ ನಮ್ಮ ಕೆಲಸ ಎಷ್ಟು ಸುಲಭವಿರುತ್ತಿತ್ತು!

ಮೂರನೇ ವಾರ ಬಂದಳು. ನಾನು ಕ್ಷಮೆ ಕೇಳಿದೆ. “ನೀವು ಯಾವ ಪದ ಹೇಳ್ತೀರೋ ಅದೇ ಪದ ನಾನೂ ಹೇಳ್ತೀನಿ. ನಾನಾಗಿ ಬದಲಾಯಿಸಲ್ಲ” ಎಂದೆ. ನೋಟ್ಸನ್ನು ಕನ್ನಡದಲ್ಲಿ, ಅವಳ ಮಾತಿನಲ್ಲೇ, ಕ್ರಿಯಾಪದದ ಬಾಲ ಸಮೇತ ಬರೆಯತೊಡಗಿದೆ. ನನ್ನ ಕನ್ನಡ ಕೈಬರಹ ನೋಡಿ ಅವಳಿಗೆ ನಗು ಬಂತು. “ಮೇಡಂ, ಒತ್ತಕ್ಷರ ಎಲ್ಲಾ ಬಸ್ ಫುಟ್‌ಬೋರ್ಡಲ್ಲಿ ನೇತಾಡೋ ಥರ ಇದೆ.”

ಮತ್ತೆ ಐದು ವಾರ ‘ಬರ್ತಾರೆ, ಹಾಕ್ತಾರೆ’. ನಾನೂ ಹಾಗೇ ಹೇಳಿದೆ, ಈ ಸಲ ಹಾಗೆ ಹೇಳುತ್ತಿದ್ದೇನೆಂದು ತಿಳಿದು. ಆರನೇ ವಾರ ಅವಳು ಎಂದಿನಂತೆ ಶುರು ಮಾಡಿದಳು. “ಮಾವ ಬರ್ತಾರೆ. ಬಾಗಿಲು ಹಾಕ್ತಾರೆ. ಚಿಲಕ ಹಾಕ್ತಾ...” ನಿಂತಳು. ಹೊರಗೆ ಯಾರೋ ನಿಂಬೆಹಣ್ಣು ಕೂಗುತ್ತಿದ್ದರು. “ಚಿಲಕ ಹಾಕ್ತಾನೆ.”

‘ಹಾಕ್ತಾನೆ’ ಎಂದು ಬಾಲ ಸಮೇತ ಬರೆದುಕೊಂಡೆ.

“ನಾನು ಒಂಬತ್ತು ವರ್ಷದೋಳು ಮೇಡಂ. ಚಿಲಕ ನಂಗೆ ಎಟುಕಲ್ಲ. ಅದು ಅವನಿಗೆ ಗೊತ್ತು.”

ತುಂಬಾ ಹೊತ್ತು ಅತ್ತಳು. ಅಂಕ ಕೇಳಿದಾಗ ಅರವತ್ತು ಎಂದಳು. ಅವತ್ತು ಹೊರಗೆ ಬಂದು ನೋಡಿದರೆ ಅವಳ ಚಪ್ಪಲಿಗಳಲ್ಲಿ ಒಂದು ಗೋಡೆ ಕಡೆ, ಒಂದು ಮೆಟ್ಟಿಲ ಕಡೆ ಇತ್ತು. ಒಂದು ತಿಂಗಳಲ್ಲಿ ಅಂಕ ಮೂವತ್ತಕ್ಕೆ ಇಳಿಯಿತು. ನಿರ್ದೇಶಕರು ಇದನ್ನು ತಮ್ಮ ಹೊಸ ಕಾರ್ಯಾಗಾರದ ಫಲ ಎಂದು ವಾರ್ಷಿಕ ವರದಿಯಲ್ಲಿ ಸೇರಿಸಿಕೊಂಡರು. ಸೇರಿಸಿಕೊಳ್ಳಲಿ.

ಮದುವೆಗೆ ಒಂದು ತಿಂಗಳಿರುವಾಗ ತಾಯಿಯನ್ನು ಕರೆದುಕೊಂಡು ಬಂದು ನನ್ನ ಮುಂದೆಯೇ ಎಲ್ಲವನ್ನೂ ಹೇಳಿದಳು. ತಾಯಿ ಮಡಿಲಲ್ಲಿ ಬ್ಯಾಗಿಟ್ಟುಕೊಂಡು, ಅದರ ಜಿಪ್ಪನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತ ಕೇಳಿದರು.

“ಅಣ್ಣಯ್ಯ ಇಲ್ದಿದ್ರೆ ನಾವು ಬೀದೀಲಿರ್ತಿದ್ವಿ ಮೇಡಂ. ಅವ್ರು ಊರಿಗೇ ದೊಡ್ಡೋರು. ಈಗ ಮದ್ವೆ ಹೊತ್ನಲ್ಲಿ ಇದೆಲ್ಲಾ...” ಎಂದು ನನ್ನ ಕಡೆ ತಿರುಗಿದರು. “ನೀವೇನಾರ ಹೇಳ್ಕೊಟ್ರಾ ಇವ್ಳಿಗೆ?”

“ಇಲ್ಲಮ್ಮ.”

ಮಗಳಿಗೆ ಕಾಯದೆ ಎದ್ದು ಹೋದರು. ಮೆಟ್ಟಿಲ ತಿರುವಿನಲ್ಲಿ ನಿಂತು ಕಬ್ಬಿಣದ ಕಂಬಿಯನ್ನು ಸೆರಗಿನಿಂದ ಒರೆಸುತ್ತಿದ್ದುದು ಕಾಣಿಸಿತು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದರು. ಸಣ್ಣಪುಟ್ಟದ್ದೆಲ್ಲ ಗಮನಿಸುತ್ತೇನೆಂದು ಹೆಮ್ಮೆಪಡುವ ನಾನು ಅದನ್ನು ಗಮನಿಸಿದೆ, ಅಷ್ಟೇ. ನೋಟ್ಸಿನಲ್ಲಿ ‘ತಾಯಿಯಿಂದ ಬೆಂಬಲ ಇಲ್ಲ’ ಎಂದು ಬರೆದು ಅಡಿಗೆರೆ ಎಳೆದೆ.

ಹಾಗಾಗಿ ಆ ಹತ್ತು ಹೆಜ್ಜೆಯ ತಾಲೀಮು ನಮ್ಮಿಬ್ಬರದೇ. ನಾನು ಪುರೋಹಿತರು. ಕೋಣೆಯ ಮೂಲೆಯೇ ಮಂಟಪ. ಬೀನ್ ಬ್ಯಾಗು ಮಾವ. ಅವಳು ಹೇಳಬೇಕಾದ ವಾಕ್ಯ ಅವಳೇ ಆರಿಸಿದ್ದು, ‘ಅವನು ಬೇಡ, ನಾನೇ ಬರ್ತೀನಿ’.

“ಹುಡುಗಿಯ ಸೋದರಮಾವನವರು ದಯವಿಟ್ಟು ಹುಡುಗಿಯನ್ನು ಕರೆದುಕೊಂಡು ಬರಬೇಕು” ಎಂದೆ ನಾನು.

ಚೈತ್ರ ನಕ್ಕು ನಕ್ಕು ಕೂತುಬಿಟ್ಟಳು. “ಅಯ್ಯೋ ಮೇಡಂ, ಯಾವ ಪುರೋಹಿತರು ‘ದಯವಿಟ್ಟು’ ಅಂತಾರೆ? ‘ಲಗ್ನ ಮೀರೋಯ್ತು, ಬೇಗ ಬನ್ರೀ’ ಅಂತ ಕಿರುಚ್ಬೇಕು!”

ನನಗೆ ಕಿರುಚಲು ಬರುವುದಿಲ್ಲ. ನಾಲ್ಕು ಸಲ ಪ್ರಯತ್ನಿಸಿದೆ. ಪಕ್ಕದ ಕೋಣೆಯಿಂದ ನಿರ್ದೇಶಕರು ಬಂದು, ಇದು ಯಾವ ವಿಧಾನ ಎಂದು ಕೇಳಿದರು. ಧಾರೆ ಮುಹೂರ್ತ ವಿಧಾನ ಸರ್ ಎಂದೆ. ಎಲ್ಲಿ ಕಲಿಸ್ತಾರೆ ಎಂದು ಕೇಳಿ ಬರೆದುಕೊಂಡರು.

ಮದುವೆ ಸುಬ್ರಹ್ಮಣ್ಯಪುರದ ಕಡೆಯ ಒಂದು ಛತ್ರದಲ್ಲಿ. ಆಹ್ವಾನ ಪತ್ರಿಕೆ ಬಂತು. ಚಿಕಿತ್ಸೆಗೆ ಬಂದವರ ಮನೆಯ ಸಮಾರಂಭಕ್ಕೆ ನಾವು ಹೋಗಬಾರದು, ಅದು ನಿಯಮ. ಆ ಭಾನುವಾರ ಬೆಳಗ್ಗೆ ಮುಹೂರ್ತದ ಹೊತ್ತಿಗೆ ನಾನು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ. ಯಜಮಾನರು ಮಾತಾಡದೆ ತಿಂದರು. ನಲವತ್ತು ವರ್ಷದಲ್ಲಿ ಅವರೂ ಸ್ವಲ್ಪ ಕಲಿತಿದ್ದಾರೆ.

ಹತ್ತು ದಿನದ ಮೇಲೆ ಚೈತ್ರ ತಾಂಬೂಲದ ಚೀಲ ಹಿಡಿದು ಬಂದಳು. ಕೂರುವ ಮೊದಲೇ ನಾನು, “ಹೇಳಿದಿರಾ?” ಎಂದು ಕೇಳಿಬಿಟ್ಟೆ. ಯಾರ ಮಾತನ್ನೂ ಕತ್ತರಿಸಬಾರದು ಎಂಬ ಪಾಠ ಅವತ್ತು ಕೈಕೊಟ್ಟಿತು.

“ಪೂರ್ತಿ ಬರ್ಲಿಲ್ಲ ಮೇಡಂ. ಪುರೋಹಿತರು ಕೂಗಿದ್ರು. ಅವನು ರೇಷ್ಮೆ ಪಂಚೆ, ಪೇಟ ಎಲ್ಲಾ ಕಟ್ಕೊಂಡು ಬಾಗಿಲಲ್ಲಿ ನಿಂತಿದ್ದ. ಕೈ ಚಾಚಿದ. ನಾವು ಅಷ್ಟೊಂದು ಪ್ರಾಕ್ಟೀಸ್ ಮಾಡಿದ್ದು ಎಲ್ಲಾ ಮರ್ತೋಯ್ತು. ‘ಬೇಡ’ ಅಂದೆ. ಅಷ್ಟೇ.”

“ಆಮೇಲೆ?”

“ನಕ್ಕ. ‘ಏನ್ ಬೇಡ ಪುಟ್ಟಿ, ಬಾ, ಲಗ್ನ ಮೀರ್ತದೆ’ ಅಂದ. ಎಲ್ಲಾ ನನ್ನೇ ನೋಡ್ತಿದ್ರು. ವಾಲಗದವರು ನಿಲ್ಲಿಸಿಬಿಟ್ರು. ಅಮ್ಮ ನನ್ನ ಹಿಂದೆ ತಟ್ಟೆ ಹಿಡ್ಕೊಂಡು ನಿಂತಿದ್ರು ಮೇಡಂ. ನಮ್ಮಮ್ಮ ಹುಟ್ಟಿದಾಗಿಂದ ಅವನಿಗೆ ‘ನೀವು’ ಬಿಟ್ಟು ಇನ್ನೊಂದು ಮಾತಾಡಿಲ್ಲ. ಮುಂದೆ ಬಂದು...” ಅವಳು ತಾಯಿಯ ದನಿಯಲ್ಲೇ ಹೇಳಿದಳು. “‘ನೀನ್ ಬೇಡ ಅಂತಾವ್ಳೆ. ಕೇಳಿಸ್ಲಿಲ್ವೇನೋ?’”

“‘ಏನೋ’ ಅಂದರಾ?” ಎಂದೆ.

“ಇಡೀ ಛತ್ರ ಕೇಳಿಸ್ಕೊಳ್ತು ಮೇಡಂ, ಆ ‘ಏನೋ’. ಅವನು ಪೇಟ ಸರಿ ಮಾಡ್ಕೊಂಡ. ಆಮೇಲೆ ಸರಿ ಮಾಡ್ಕೊಳ್ಳೋಕೆ ಏನೂ ಇರ್ಲಿಲ್ಲ. ಪಕ್ಕಕ್ಕೆ ಸರಿದ.”

“ಮತ್ತೆ ಮಂಟಪಕ್ಕೆ ಯಾರು ಕರ್ಕೊಂಡು ಹೋದರು?”

“ಯಾರೂ ಇಲ್ಲ, ನಾನೇ ಹೋದೆ. ಹತ್ತಲ್ಲ, ಹನ್ನೊಂದು ಹೆಜ್ಜೆ ಇತ್ತು. ಅಮ್ಮ ಹಿಂದೆ ಬಂದ್ರು.” ತಾಂಬೂಲದ ಚೀಲವನ್ನು ನನ್ನ ಕಡೆ ತಳ್ಳಿದಳು. “ಹಿಂದೆ ಯಾರೋ ಇದ್ರೂ ಹೆದ್ರಿಕೆ ಆಗ್ಲಿಲ್ಲ ಮೇಡಂ.”

ಈಗ ಅಮ್ಮನೂ ಆ ಕಟ್ಟಡ ಬಿಟ್ಟು ಮಗಳು ಅಳಿಯನ ಜೊತೆಗಿದ್ದಾರೆ. ಊರಿನವರು ತಾಯಿ ಮಗಳಿಬ್ಬರಿಗೂ ಮರ್ಯಾದೆ ಗೊತ್ತಿಲ್ಲ ಅನ್ನುತ್ತಾರಂತೆ. ಗೊತ್ತಾಗಿದ್ದೇ ಈಗ ಎಂದು ನನಗನ್ನಿಸುತ್ತದೆ.

ಅವಳು ಹೋದ ಮೇಲೆ ಫೈಲು ತೆಗೆದೆ. ‘ತಾಯಿಯಿಂದ ಬೆಂಬಲ ಇಲ್ಲ’ ಎಂಬ ಸಾಲನ್ನು, ನಾನೇ ಎಳೆದಿದ್ದ ಅಡಿಗೆರೆ ಸಮೇತ ಹೊಡೆದುಹಾಕಿದೆ. ಚಿಕಿತ್ಸೆಯ ಫಲಿತಾಂಶವನ್ನು ಒಂದು ವಾಕ್ಯದಲ್ಲಿ, ಇಂಗ್ಲಿಷಿನಲ್ಲೇ ಬರೆಯಬೇಕು ಎಂದು ಕೊನೆಯ ಹಾಳೆಯಲ್ಲಿ ಅಚ್ಚಾಗಿತ್ತು. ತುಂಬಾ ಹೊತ್ತು ಯೋಚಿಸಿದೆ. ನನ್ನ ಬಹುಮಾನದ ಇಂಗ್ಲಿಷಿನಲ್ಲಿ ಆ ‘ಏನೋ’ಗೆ ಪದ ಸಿಗಲಿಲ್ಲ. ಆ ತಾಯಿ ಹೇಳಿದ್ದನ್ನೇ, ಅವರು ಹೇಳಿದ ಹಾಗೇ, ಕನ್ನಡದಲ್ಲಿ ಬರೆದು ಸಹಿ ಮಾಡಿದೆ. ಈ ಸಲ ಯಾರೂ ನನ್ನ ಕುತ್ತಿಗೆಗೆ ಹಲಗೆ ಹಾಕಲಿಲ್ಲ.